ಒಂದು ಮನೆ ಸಾಲದು

ನನ್ನ ಗಂಡನಿಗೆ ಲಕ್ವ ಹೊಡೆದದ್ದು ಬೆಳಗಿನ ಪಾಳಿಗೆ ಹೊರಡುವ ಹೊತ್ತಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಆಗ ಮತ್ತಿಕೆರೆಯ ಒಂದು ವಠಾರದಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದೆವು. ಅವರು ಯಶವಂತಪುರದ ಆಚೆಯ ಒಂದು ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದರು. ವಿಜಾಪುರದ ಕಡೆಯಿಂದ ಮೊದಲು ತಾವು ಬಂದು, ಆಮೇಲೆ ನನ್ನನ್ನು ಕರೆತಂದು, ಕೊನೆಗೆ ತಮ್ಮನನ್ನೂ ಕರೆಸಿ ಅದೇ ಕಾರ್ಖಾನೆಗೆ ಸೇರಿಸಿದ್ದರು. ಮೈದುನ ನಮ್ಮ ಜೊತೆಗೇ ಇದ್ದ. ನಮಗೊಬ್ಬಳು ಮಗಳು, ಇನ್ನೂ ಶಾಲೆಗೆ ಹಾಕಿರಲಿಲ್ಲ.

ನಾನು ಬುತ್ತಿ ಕಟ್ಟುತ್ತಿದ್ದೆ. ಅವರು ಅಂಗಿ ಹಾಕಿಕೊಂಡು ಗುಂಡಿ ಹಾಕಲು ಹೋದರು. ಕೈ ಗುಂಡಿಯನ್ನು ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. "ಇಲ್ಲಿ ನೋಡು" ಎಂದು ನನ್ನನ್ನು ಕರೆದರು ಅನಿಸಿತು. ಆದರೆ ಮಾತು ಬಾಯೊಳಗೇ ಉಂಡೆಯಾಯಿತು. ತಿರುಗಿ ನೋಡಿದರೆ ಬಾಯಿಯ ಬಲಗಡೆ ಜೋತುಬಿದ್ದಿದೆ, ಎಂಜಲು ಅಂಗಿಯ ಮೇಲೆ ಸುರಿಯುತ್ತಿದೆ. ಬಲಗಾಲು ಕುಸಿದು ಗೋಡೆಗೆ ಒರಗಿದವರು ಹಾಗೇ ಜಾರಿ ಕೂತರು. ನನ್ನ ಮುಖವನ್ನೇ ನೋಡುತ್ತಿದ್ದರು. ತನಗೇನಾಗುತ್ತಿದೆ ಎಂದು ನಾನು ಹೇಳಬೇಕು ಎನ್ನುವಂತೆ.

ಮೈದುನ ಬರಿಗಾಲಲ್ಲೇ ಓಡಿಹೋಗಿ ಆಟೋ ತಂದ. ಅಣ್ಣನನ್ನು ಮಗುವಿನಂತೆ ಎತ್ತಿಕೊಂಡು ಕೂರಿಸಿದ. ದಾರಿಯುದ್ದಕ್ಕೂ "ಅಣ್ಣಾ, ಮಾತಾಡು, ಏನರೆ ಮಾತಾಡು" ಅನ್ನುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಇವರಿಗೆ ಬಿ.ಪಿ. ಇತ್ತಾ?"

ನನಗೆ ಬಿ.ಪಿ. ಎಂದರೇನೆಂದು ಗೊತ್ತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಪೇಪರು ಓದುವವಳು. ಆದರೂ ಗೊತ್ತಿರಲಿಲ್ಲ. ಅವರಿಗೆ ಜ್ವರ ಬಂದದ್ದನ್ನೇ ನಾನು ನೋಡಿರಲಿಲ್ಲ. ಗೋಣಿಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಮನುಷ್ಯ. "ಇಲ್ರಿ, ಗಟ್ಟಿ ಇದ್ರು" ಎಂದೆ. ಆ ವೈದ್ಯರು ಏನನ್ನೋ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ಅತ್ತೆಗೆ ತಂತಿ ಕೊಟ್ಟೆವು. ಅವರು ರೈಲು ಇಳಿದು ಸೀದಾ ಆಸ್ಪತ್ರೆಗೆ ಬಂದರು. ಮಗನ ಬಲಗೈ ಎತ್ತಿ ಬಿಟ್ಟರು. ಅದು ದೊಪ್ಪನೆ ಬಿತ್ತು. ಅತ್ತೆ ಅಳಲಿಲ್ಲ. ಸೆರಗಿನಿಂದ ಮಗನ ಬಾಯಿ ಒರೆಸಿ, ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತರು.

"ಇವರಪ್ಪಗೂ ಹಿಂಗ ಆತು. ಇವರ ದೊಡ್ಡಪ್ಪಗೂ ಹಿಂಗ ಆತು. ಇದು ಈ ಮನಿ ಗಂಡಸರನ್ನ ಬಿಡಂಗಿಲ್ಲ, ತಂಗಿ" ಎಂದರು.

ಹಾಗೆಂದವರು ತಲೆಯೆತ್ತಿ ಮೈದುನನ ಕಡೆ ನೋಡಿದರು. ಅವನು ಕಿಟಕಿಯ ಹತ್ತಿರ ನಿಂತಿದ್ದ. ಆ ನೋಟ ಅವನಿಗೂ ತಾಗಿತು. ಹೊರಗೆ ಹೋಗಿ ಸಿಗರೇಟು ಹಚ್ಚಿದ. ಅಂದಿನಿಂದ ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಅವನನ್ನು ಯಾರೂ ನೆಮ್ಮದಿಯಿಂದ ನೋಡಲಿಲ್ಲ. ಅವನು ಕೆಮ್ಮಿದರೆ ಭಯ, ತಡವಾಗಿ ಎದ್ದರೆ ಭಯ, ಊಟದಲ್ಲಿ ತುತ್ತು ಕೈಜಾರಿದರೆ ಇಬ್ಬರು ಹೆಂಗಸರ ಕೈಯೂ ತಟ್ಟೆಯಲ್ಲೇ ನಿಂತುಬಿಡುತ್ತಿತ್ತು.

ಆ ವಾರ್ಡಿಗೆ ಒಬ್ಬರು ಡಾಕ್ಟರಮ್ಮ ಬರುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವರಿರಬಹುದು, ಬೆಂಗಳೂರಿನವರೇ. ಉಳಿದವರಂತೆ ಅವಸರ ಮಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರನ್ನು ಅಡ್ಡಗಟ್ಟಿ ಕೇಳಿಯೇಬಿಟ್ಟೆ. ಅಪ್ಪನಿಗೆ ಆಯಿತು, ದೊಡ್ಡಪ್ಪನಿಗೆ ಆಯಿತು, ಈಗ ಮಗನಿಗೆ. ನಮ್ಮ ಮನೆಗೇ ಯಾಕೆ? ಚಿಕ್ಕವನಿಗೂ ಬರುತ್ತದೆಯೇ? ನನ್ನ ಮಗಳಿಗೆ?

ಅವರು ನಿಂತು ಪೂರ್ತಿ ಕೇಳಿಸಿಕೊಂಡರು. "ನೋಡಿಮ್ಮ, ಒಂದು ಮನೆ ನೋಡಿ ಇದನ್ನ ಹೇಳಕ್ಕಾಗಲ್ಲ. ಮೂರು ಜನಕ್ಕೆ ಬಂತು ಅಂತೀರ. ರಕ್ತದಲ್ಲೇ ಬಂದಿರ್ಬೋದು, ತಿನ್ನೋ ಉಪ್ಪಿಂದ ಬಂದಿರ್ಬೋದು, ಬೀಡಿ ಸಿಗರೇಟಿಂದ ಬಂದಿರ್ಬೋದು. ಸಾವಿರಾರು ಮನೆ ನೋಡ್ಬೇಕು. ಈಗ ಚೆನ್ನಾಗಿರೋರನ್ನ ಅಳೆದಿಟ್ಕೊಂಡು, ವರ್ಷಗಟ್ಟಲೆ ಕಾದು, ಯಾರು ಬಿದ್ರು ಯಾರು ಬೀಳ್ಲಿಲ್ಲ ಅಂತ ನೋಡ್ಬೇಕು."

"ಹಂಗಾದ್ರ ನೋಡ್ರಿ ಮತ್ತ" ಎಂದೆ. ಸಿಟ್ಟಿನಲ್ಲೇ ಎಂದೆ.

ಅವರು ನಕ್ಕರು. ಗೇಲಿಯ ನಗೆಯಲ್ಲ. "ನೋಡೋಣ" ಎಂದರು.

ನನ್ನ ಗಂಡನನ್ನು ಮನೆಗೆ ಕರೆತಂದೆವು. ಬಲಗೈ ಬರಲಿಲ್ಲ, ಕಾಲನ್ನು ಎಳೆದುಕೊಂಡು ಗೋಡೆ ಹಿಡಿದು ನಡೆಯುವಷ್ಟಾಯಿತು. ಮಾತು ಹೋಗಿಯೇಬಿಟ್ಟಿತು. ಒಂದೇ ಒಂದು ಶಬ್ದ ಉಳಿದಿತ್ತು: "ಆತು." ಹಸಿವಾದರೂ "ಆತು", ಸಿಟ್ಟು ಬಂದರೂ "ಆತು", ಮಗಳು ತೊಡೆಯ ಮೇಲೆ ಕೂತರೂ "ಆತು, ಆತು." ದನಿಯ ಏರಿಳಿತದಿಂದಲೇ ನಾವು ಅರ್ಥ ಮಾಡಿಕೊಳ್ಳಬೇಕು. ವಠಾರದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಪಾರಿವಾಳದ ರಕ್ತ ಹಚ್ಚಿ ಎಂದು ಮನೆ ಒಡತಿ ಹೇಳಿದಳು. ಅದನ್ನೂ ಮಾಡಿದೆವು. ಮೈದುನ ಎಲ್ಲಿಂದಲೋ ಪಾರಿವಾಳ ತಂದ. ಆ ಬಿಸಿ ರಕ್ತವನ್ನು ನಾನೇ ಅವರ ತೋಳಿಗೆ ತಿಕ್ಕಿದೆ. ಅವರು ಮುಖ ಆಚೆ ತಿರುಗಿಸಿಕೊಂಡು ಕಣ್ಣೀರು ಹಾಕಿದರು. ಎರಡನೆಯ ಸಲ ತರಬೇಡ ಎಂದು ನಾನೇ ಹೇಳಿದೆ.

ಮಾತ್ರೆ ಬರೆಸಿಕೊಳ್ಳಲು ಆಸ್ಪತ್ರೆಗೆ ಹೋಗುತ್ತಿದ್ದಾಗ ಡಾಕ್ಟರಮ್ಮ ಒಂದು ದಿನ ತಾವಾಗಿಯೇ ಕೇಳಿದರು. ಯಲಹಂಕದ ಸುತ್ತಲಿನ ಹಳ್ಳಿಗಳಲ್ಲಿ, ಯಶವಂತಪುರದ ಕಾರ್ಖಾನೆಗಳ ಹತ್ತಿರದ ಬೀದಿಗಳಲ್ಲಿ ಮನೆಮನೆಗೆ ಹೋಗಿ ಜನರ ಬಿ.ಪಿ. ಅಳೆಯುವ ಕೆಲಸ ಶುರುವಾಗುತ್ತಿದೆ, ಓದುಬರಹ ಬರುವ ಹೆಂಗಸರು ಬೇಕು. "ಬರ್ತೀರಾ? ಅವತ್ತು ನೋಡಿ ಅಂದ್ರಲ್ಲ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಮಗನ ಹೊದಿಕೆ ಸರಿಮಾಡುತ್ತ, "ಹೋಗು. ಇವನ್ನ ನಾ ನೋಡ್ಕೋತೀನಿ" ಎಂದರು.

ಅಳೆಯುವುದನ್ನು ಕಲಿಸಿದರು. ಜನರನ್ನು ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಬೇಕು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ನಿಧಾನವಾಗಿ ಬಿಡುತ್ತ, ಪಾದರಸ ಇಳಿಯುವಾಗ ಸ್ಟೆತಾಸ್ಕೋಪಿನಲ್ಲಿ ಟಕ್ ಎನ್ನುವ ಮೊದಲ ಸದ್ದು ಎಲ್ಲಿ ಕೇಳಿತು, ಸದ್ದು ಎಲ್ಲಿ ನಿಂತಿತು ಎಂದು ನೋಡಬೇಕು. ಅಭ್ಯಾಸಕ್ಕೆಂದು ಆ ಅಳೆಯುವ ಪೆಟ್ಟಿಗೆಯನ್ನು ಮನೆಗೆ ತಂದೆ. ಮೈದುನನ ಕಡೆ ನೋಡಿದೆ. ಅವನು ತಟ್ಟನೆ ಎದ್ದ.

"ನನಗ ಬ್ಯಾಡ ವೈನಿ."

"ಬರೇ ಅಳಿಯೂದು ತಮ್ಮಾ. ಸೂಜಿ ಇಲ್ಲ, ಏನಿಲ್ಲ."

"ಅಳದ್ರ ಏನಾಗತೈತಿ? ಅದು ಇದ್ರ ಇರತೈತಿ. ಗೊತ್ತಾದ್ರ ಅಂಜಿಕಿ ಒಂದು ಹೆಚ್ಚು."

ಅತ್ತೆಯೂ ಅವನ ಪರವೇ. "ಅವಗ ಕಟ್ಟಬ್ಯಾಡವ್ವ ಅದನ್ನ. ಹೆಸರು ಹಿಡದು ಕರದಂಗ ಆಗತೈತಿ. ನನ್ನ ತೋಳಿಗೆ ಕಟ್ಟಿ ಕಲಿ" ಎಂದು ಕೈ ಚಾಚಿದರು.

ಕಟ್ಟಿದೆ. ಪಾದರಸ ಇನ್ನೂ ಬಹಳ ಮೇಲಿರುವಾಗಲೇ ಸದ್ದು ಶುರುವಾಯಿತು. ನನಗೆ ಕೇಳಲು ಬರುತ್ತಿಲ್ಲ ಎಂದುಕೊಂಡು ಬಿಚ್ಚಿ ಮತ್ತೆ ಕಟ್ಟಿದೆ. ಅಷ್ಟೇ. ಇನ್ನೊಂದು ತೋಳು ನೋಡಿದೆ, ಅಷ್ಟೇ. ಮುಂದಿನ ಸಲ ಆಸ್ಪತ್ರೆಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಡಾಕ್ಟರಮ್ಮ ತಾವೇ ಅಳೆದು, "ನಿಮ್ಮ ಕಿವಿ ಸರಿಯಾಗೇ ಇದೆ" ಎಂದು ಮಾತ್ರೆ ಬರೆದುಕೊಟ್ಟರು. ಉಪ್ಪು, ಉಪ್ಪಿನಕಾಯಿ ಬಿಡಬೇಕು, ಮಾತ್ರೆ ದಿನವೂ ತಗೋಬೇಕು, ಜೀವನಪರ್ಯಂತ.

ಅತ್ತೆ ಆ ಮಾತ್ರೆಯನ್ನು ಬಾಯಿಗೆ ಹಾಕಲೇ ಇಲ್ಲ. ಮಗನಿಗೆಂದು ಉಪ್ಪಿಲ್ಲದ ಬೇಳೆ ಬೇರೆ ಪಾತ್ರೆಯಲ್ಲಿ ಕುದಿಸುತ್ತಿದ್ದರು. ತಾವು ಮಾತ್ರ ರೊಟ್ಟಿಗೆ ಶೇಂಗಾ ಚಟ್ನಿ, ಮೇಲೆ ಒಂದು ಹೋಳು ಉಪ್ಪಿನಕಾಯಿ, ಅದರ ಮೇಲೆ ಚಿಟಿಕೆ ಉಪ್ಪು. ನಾನು ಬೇಡಿಕೊಂಡೆ, ಜಗಳವಾಡಿದೆ, ಉಪ್ಪಿನಕಾಯಿಯ ಭರಣಿಯನ್ನು ಒಡತಿಯ ಮನೆಯಲ್ಲಿ ಇಟ್ಟುಬಂದೆ. ಅವರು ಹೋಗಿ ಕೇಳಿ ತಂದರು.

"ನನಗ್ಯಾಕ ಬರತೈತಿ ಅದು? ನಾ ಬ್ಯಾರೆ ಮನಿಯಾಕಿ. ನನ್ನ ರಕ್ತ ಈ ಮನೀದಲ್ಲ. ನಮ್ಮ ಅಪ್ಪ ಮುದುಕಾಗಿ ಸತ್ತ, ನಮ್ಮವ್ವ ಮುದುಕಿ ಆಗಿ ಸತ್ತಳು. ಇದು ಈ ಮನಿ ಗಂಡಸರದು. ನಿನ್ನ ಮಿಷಿನ್ನಿಗೆ ಏನ ಗೊತ್ತು."

ನಾನು ದಿನಾ ಯಲಹಂಕದ ಬಸ್ಸು ಹಿಡಿಯುತ್ತಿದ್ದೆ. ಅಲ್ಲಿಂದ ಕೋಗಿಲಿಗೆ ನಡೆದುಕೊಂಡು, ಚಿಕ್ಕಜಾಲಕ್ಕೆ ಇನ್ನೊಂದು ಬಸ್ಸಿನಲ್ಲಿ. ಆಗ ಅಲ್ಲೆಲ್ಲ ಕಲ್ಲುಕಂಬ ನಿಲ್ಲಿಸಿ ಹಬ್ಬಿಸಿದ ದ್ರಾಕ್ಷಿ ತೋಟಗಳು, ನಡುನಡುವೆ ರಾಗಿ ಹೊಲ. ಮೊದಮೊದಲು ಊರಿಗೆ ಕಾಲಿಟ್ಟರೆ ಗಂಡಸರು ಮಾಯವಾಗುತ್ತಿದ್ದರು. ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದೊಯ್ದು ಸಂತಾನಹರಣದ ಆಪರೇಷನ್ ಮಾಡಿಸಿದ ಭಯ ಇನ್ನೂ ಹೋಗಿರಲಿಲ್ಲ.

"ಆಪ್ರೇಸನ್‌ಗೆ ಎಳ್ಕೊಂಡೋಗಕ್ಕೆ ಬಂದಿದ್ದೀರೇನಮ್ಮ?" ಎಂದು ಒಬ್ಬ ಯಜಮಾನರು ಜಗಲಿಯ ಮೇಲಿಂದಲೇ ಕೇಳಿದರು.

"ಇಲ್ಲ ಯಜಮಾನ್ರೆ, ರಕ್ತದ ಒತ್ತಡ ನೋಡೋಕೆ."

"ನನ್ ರಕ್ತಕ್ಕೇನಾಗೈತೆ? ಓಗಮ್ಮ ಓಗು."

ಹಾಗೆಂದವರೇ ಸ್ವಲ್ಪ ಹೊತ್ತಿನ ಮೇಲೆ ಕೈ ಕೊಟ್ಟರು. ಅವರದು ಸರಿಯಾಗಿತ್ತು. ಆದರೆ ಪಕ್ಕದ ಮನೆಯಲ್ಲಿ ಸೌದೆ ಸೀಳುತ್ತಿದ್ದ ಮನುಷ್ಯನದು ನನ್ನ ಅತ್ತೆಯಷ್ಟೇ ಇತ್ತು. ತಲೆನೋವಿಲ್ಲ, ಸುಸ್ತಿಲ್ಲ. ಅಳೆಸಿಕೊಂಡು, ಬೀಡಿ ಹಚ್ಚಿಕೊಂಡು, ಮತ್ತೆ ಕೊಡಲಿ ಎತ್ತಿದ.

ಆ ಕೆಲಸದಲ್ಲಿ ನನಗೆ ತಡೆಯಲಾಗದೆ ಹೋದದ್ದು ಇದೇ. ಎದುರಿಗೆ ನಗುತ್ತ, ಮಜ್ಜಿಗೆ ಕೊಡುತ್ತ, ಹಸು ಕರೆಯುತ್ತ ಇರುವವರ ತೋಳಿನಲ್ಲಿ ಆ ಸದ್ದು ಅಷ್ಟು ಮೇಲೆ ಶುರುವಾಗುತ್ತಿತ್ತು. ಅವರಿಗೆ ಗೊತ್ತಿಲ್ಲ. ಅಂಥವರನ್ನು ಕಂಡಾಗಲೆಲ್ಲ ಅಂಗಿ ಗುಂಡಿ ಹಾಕಲು ಹೊರಟ ನನ್ನ ಗಂಡನೇ ಕಣ್ಣಿಗೆ ಬರುತ್ತಿದ್ದರು. ಆಸ್ಪತ್ರೆಗೆ ಹೋಗಿ, ಮಾತ್ರೆ ತಗೊಳ್ಳಿ ಎಂದು ಹೇಳುತ್ತಿದ್ದೆ. ಹೇಳಿ ಮುಂದಿನ ಮನೆಗೆ ಹೋಗಬೇಕು. ಮರಳಿ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತರೆ ಹೆಬ್ಬಾಳದ ಕೆರೆ ಬರುವ ತನಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಇರುತ್ತಿದ್ದೆ.

ಅದರ ನಡುವೆ ಮೈದುನನಿಗೆ ಬಾಗಲಕೋಟೆ ಕಡೆಯಿಂದ ಒಂದು ಹೆಣ್ಣು ಬಂತು. ಮಾತುಕತೆ ಆಗಿತ್ತು. ಹುಡುಗಿಯ ಸೋದರಮಾವ ಮನೆ ನೋಡಲು ಬಂದು, ಮೂಲೆಯಲ್ಲಿ ಕೂತಿದ್ದ ನನ್ನ ಗಂಡನನ್ನು ನೋಡಿದ. ಊರಿಗೆ ಹೋಗಿ ವಿಚಾರಿಸಿದಾಗ ಅಪ್ಪ, ದೊಡ್ಡಪ್ಪನ ಕಥೆಯೂ ಗೊತ್ತಾಯಿತು. ಲಕ್ವದ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ಹೇಳಿಕಳಿಸಿದರು. ಅಂದು ಮೈದುನ ಊಟ ಮಾಡಲಿಲ್ಲ. ನಾನು ಪೆಟ್ಟಿಗೆಯ ಮಾತೆತ್ತಿದ್ದಕ್ಕೆ ಮೊದಲ ಬಾರಿಗೆ ನನ್ನ ಮೇಲೆ ಕೂಗಾಡಿದ.

"ಈಗ ಊರಾಗಷ್ಟ ಗೊತ್ತೈತಿ. ನೀವು ಅಳದು ಬರದು ಇಟ್ರ ದುನಿಯಾಕ್ಕೆಲ್ಲ ಗೊತ್ತಾಗತೈತಿ. ನನ್ನ ಬದುಕಾಕ ಬಿಡ್ರಿ ವೈನಿ!"

ಮೂಲೆಯಿಂದ ನನ್ನ ಗಂಡ "ಆತು, ಆತು, ಆತು" ಎಂದು ಬಡಬಡಿಸಿದರು. ತಮ್ಮನನ್ನು ಸಮಾಧಾನ ಮಾಡುತ್ತಿದ್ದರೋ ನನ್ನನ್ನು ಗದರುತ್ತಿದ್ದರೋ ತಿಳಿಯಲಿಲ್ಲ.

ಮೊದಲ ಅಳತೆ ಮುಗಿದ ಮೇಲೆ ಅದೇ ಮನೆಗಳಿಗೆ ವರ್ಷ ವರ್ಷ ಹೋಗಿ ಮತ್ತೆ ಅಳೆದು, ಯಾರು ಹೇಗಿದ್ದಾರೆ ಎಂದು ಕೇಳಿ ಬರುತ್ತಿದ್ದೆವು. ಕೆಲವು ವರ್ಷ ಕಳೆದ ಮೇಲೆ ಡಾಕ್ಟರಮ್ಮನನ್ನು ಕೇಳಿದೆ, ಈಗಾದರೂ ಹೇಳಬಹುದಲ್ಲ. ಅವರು ತಲೆ ಆಡಿಸಿದರು.

"ಸಾಲಲ್ಲ ಕಣಮ್ಮ. ನಮ್ಮ ಊರುಗಳಲ್ಲಿ ಇಷ್ಟು ವರ್ಷದಲ್ಲಿ ಲಕ್ವ ಹೊಡೆದವರು, ಎದೆನೋವಲ್ಲಿ ಹೋದವರು ಕೆಲವೇ ಜನ. ಅಷ್ಟರಲ್ಲಿ ಯಾವುದು ಕಾರಣ, ಯಾವುದು ಕಾಕತಾಳೀಯ ಅಂತ ಬಿಡಿಸಕ್ಕಾಗಲ್ಲ. ನಮ್ಮ ಹಾಗೇ ಬೇರೆ ಊರುಗಳಲ್ಲಿ, ಬೇರೆ ರಾಜ್ಯಗಳಲ್ಲಿ, ಹೊರದೇಶಗಳಲ್ಲೂ ಅಳೀತಿದ್ದಾರೆ. ಎಲ್ಲಾನೂ ಒಟ್ಟಿಗೆ ಸೇರಿಸಿದ್ರೆ ಕಾಣುತ್ತೆ."

"ಸೇರಿಸ್ರಲ್ಲ ಮತ್ತ."

"ಅಷ್ಟು ಸುಲಭ ಅಲ್ಲ. ಒಬ್ರು ಮಲಗಿಸಿ ಅಳೆದಿದ್ದಾರೆ, ನಾವು ಕೂರಿಸಿ ಅಳೆದಿದ್ದೀವಿ. ಒಬ್ರು ಸಿಗರೇಟು ಮಾತ್ರ ಕೇಳಿದ್ದಾರೆ, ಬೀಡಿ ಕೇಳಿಲ್ಲ. ಇನ್ನೊಂದು ಕಡೆ ಬರೀ ಗಂಡಸರನ್ನೇ ನೋಡಿದ್ದಾರೆ, ಹೆಂಗಸರನ್ನ ಮುಟ್ಟೇ ಇಲ್ಲ."

ನಮ್ಮ ಊರಿನ ಕಡೆ ಒಂದೊಂದು ಸಂತೆಯಲ್ಲಿ ಒಂದೊಂದು ಸೇರು. ಈ ಸಂತೆಯ ಸೇರಿಗೂ ಆ ಸಂತೆಯ ಸೇರಿಗೂ ಎಷ್ಟು ವ್ಯತ್ಯಾಸ ಎಂದು ತಿಳಿಯದೆ ಜೋಳ ಕೂಡಿಸಿದರೆ ಲೆಕ್ಕ ಕೆಡುತ್ತದೆ. ಅವರ ಮಾತು ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ಸಮಾಧಾನವೇನೂ ಆಗಲಿಲ್ಲ. ಇವರೆಲ್ಲ ಸೇರು ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನ ಮನೆಯಲ್ಲಿ ಇನ್ನೂ ಯಾರು ಬೀಳುತ್ತಾರೋ ಎಂದೇ ಯೋಚನೆ.

ಸೇರಿಸುವುದಕ್ಕಾಗಿಯೇ ನಮಗೆ ಇನ್ನೊಂದು ಕೆಲಸ ಬಿತ್ತು. ಸತ್ತವರು ಹೇಗೆ ಸತ್ತರು ಎಂದು ಎಲ್ಲ ಕಡೆಯೂ ಒಂದೇ ರೀತಿ ಕೇಳಬೇಕು. ಹಳ್ಳಿಗಳಲ್ಲಿ ಕೇಳಿದರೆ "ಗಾಳಿ ಮೆಟ್ಟಿತು", "ಗ್ಯಾಸು ಆಯ್ತು", "ದೇವರು ಕರ್ಕೊಂಡ" ಎನ್ನುತ್ತಿದ್ದರು. ಹಾಗಾಗಿ ಸಾವಾದ ಮನೆಗಳಿಗೆ ಮತ್ತೆ ಹೋಗಿ, ಬಾಯಿ ಸೊಟ್ಟಗಾಗಿತ್ತೇ, ಕೈ ಎತ್ತಲು ಆಗುತ್ತಿತ್ತೇ, ಎದೆ ಹಿಡಿದುಕೊಂಡರೇ ಎಂದು ಬಿಡಿಸಿ ಬಿಡಿಸಿ ಕೇಳಬೇಕಾಯಿತು. ಅಳುವವರ ಎದುರು ಕೂತು ಕೇಳಬೇಕು.

ಚಿಕ್ಕಜಾಲದಲ್ಲಿ ಹಸು ಸಾಕಿ ಹಾಲು ಮಾರುತ್ತಿದ್ದ ಒಬ್ಬ ಹೆಂಗಸಿದ್ದಳು. ಮೊದಲ ಸಲ ಅಳೆದಾಗ ಬಹಳ ಜಾಸ್ತಿ ಇತ್ತು. "ಗುಂಡ್‌ಕಲ್ಲು ಇದ್ದಂಗಿವ್ನಿ" ಎಂದು ನಕ್ಕಿದ್ದಳು. ಆದರೂ ನನ್ನ ಮಾತು ಕೇಳಿ ಆಸ್ಪತ್ರೆಗೆ ಹೋಗಿದ್ದಳು. ಆ ವರ್ಷ ಹೋದಾಗ ಅವಳ ಸೊಸೆ ಬಾಗಿಲಿಗೆ ಬಂದಳು. ತನ್ನ ಅತ್ತೆ ಕೊಟ್ಟಿಗೆಯಲ್ಲೇ ಬಿದ್ದಳಂತೆ, ಮಾತಾಡಲಿಲ್ಲವಂತೆ, ಸಂಜೆಯೊಳಗೆ ಹೋದಳಂತೆ.

"ಮಾತ್ರೆ ತಗೊಂಡಿರಲಿಲ್ವಾ?" ಎಂದೆ.

"ತಗೊಂಡ್ಳಲ್ಲಕ್ಕ. ಕೊಟ್ಟಿದ್ದಷ್ಟನ್ನೂ ನುಂಗಿದ್ಳು. ಆಮ್ಯಾಕೆ ನೀವು ಬಂದು ಅಳೆದಾಗ ಕಮ್ಮಿ ಐತೆ ಅಂದ್ರಿ. ವಾಸಿಯಾಯ್ತು ಅಂತ ಬುಟ್ಬುಟ್ಳು. ವಾಸಿಯಾದ್ಮೇಲೆ ಯಾರು ತಗೋತಾರೆ ಏಳಿ?"

ಅವಳ ಮಾತಿನಲ್ಲಿ ಆರೋಪವಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ದಿನಾ ತಗೊಳ್ಳಿ, ಎಂದೂ ಬಿಡಬೇಡಿ ಎಂದು ನಾನು ಆ ಮನೆಯ ಅಂಗಳದಲ್ಲೇ ಹೇಳಿದ್ದೆ. ಆದರೆ ನೋವೇ ಇಲ್ಲದ ರೋಗಕ್ಕೆ ಸಾಯುವ ತನಕ ಔಷಧಿ ಎನ್ನುವ ಮಾತು ಯಾರ ತಲೆಗೂ ಹೋಗುತ್ತಿರಲಿಲ್ಲ. ನನ್ನ ಮನೆಯಲ್ಲೇ ಹೋಗಿರಲಿಲ್ಲ.

ಅದಾದ ಕೆಲವೇ ತಿಂಗಳಿಗೆ, ಒಂದು ಭಾನುವಾರ, ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಬಡಿಯುವ ಸಪ್ಪಳ ನಿಂತಿತು. ಒಂದು ರೊಟ್ಟಿ ಹಂಚಿಗೆ ಹಾಕಿರಬೇಕು ಎಂದುಕೊಂಡೆ. ಮತ್ತೆ ಶುರುವಾಗಲಿಲ್ಲ. ಒಳಗೆ ಹೋದರೆ ಅತ್ತೆ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತಿದ್ದರು, ಕೂದಲೆಲ್ಲ ಹಿಟ್ಟು. "ತಲಿ ಒಡದು ಹೋಗಾಕತ್ತೈತಿ ತಂಗಿ" ಎಂದರು. ವಾಂತಿ ಮಾಡಿಕೊಂಡರು. ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ತುಂಬಿತ್ತು. ಮೈದುನ ಓಡಿ ಬರುವಷ್ಟರಲ್ಲಿ ಅವರ ಕಣ್ಣು ಮೇಲಾಗಿತ್ತು.

ಅದೇ ಆಸ್ಪತ್ರೆ, ಅದೇ ವಾರ್ಡಿನ ಪಕ್ಕದ ಹೆಂಗಸರ ವಾರ್ಡು. ಡಾಕ್ಟರಮ್ಮ ಬಂದು ಪಾದರಸ ಏರಿಸಿ ನೋಡಿ, ನನ್ನ ಕಡೆ ನೋಡಿದರು. ಮೆದುಳಲ್ಲಿ ರಕ್ತನಾಳ ಒಡೆದಿದೆ ಎಂದರು. ಅತ್ತೆ ಮರುದಿನ ತೀರಿಕೊಂಡರು.

ಹೆಣವನ್ನು ವಠಾರದ ಅಂಗಳದಲ್ಲಿ ಮಲಗಿಸಿದಾಗ ನನ್ನ ಗಂಡನನ್ನು ಹಿಡಿದುಕೊಂಡು ಹೊರಗೆ ತಂದರು. ಅಷ್ಟು ವರ್ಷ ತಮಗೆ ತುತ್ತು ಮಾಡಿ ತಿನ್ನಿಸಿದ ತಾಯಿಯ ಹಣೆಯ ಮೇಲೆ ಎಡಗೈ ಇಟ್ಟು, "ಆತು" ಎಂದರು. ಬಹಳ ಮೆಲ್ಲಗೆ, ಮತ್ತೆ ಮತ್ತೆ, "ಆತು... ಆತು..." ಎನ್ನುತ್ತಿದ್ದರು. ಅಷ್ಟು ವರ್ಷದಲ್ಲಿ ಆ ಶಬ್ದ ಅದರ ಸ್ವಂತ ಅರ್ಥದಲ್ಲಿ ಬಂದದ್ದನ್ನು ನಾನು ಕೇಳಿದ್ದು ಆಗಲೇ. ಅಂಗಳದಲ್ಲಿ ಯಾರಿಗೂ ತಡೆದುಕೊಳ್ಳಲಾಗಲಿಲ್ಲ.

ಕ್ರಿಯಾಕರ್ಮ ಮುಗಿದು ಊರಿನಿಂದ ಮರಳಿದ ಮೇಲೆ ಒಂದು ಸಂಜೆ ಮೈದುನ ಪಾಳಿ ಮುಗಿಸಿ ಬಂದ. ಕೈಕಾಲು ತೊಳೆಯದೆ ನನ್ನ ಎದುರಿಗೆ ನೆಲದ ಮೇಲೆ ಕೂತ.

"ವೈನಿ, ಅವ್ವ ಬ್ಯಾರೆ ಮನಿಯಾಕಿ ಅಲ್ಲೇನು?"

"ಹೌದು."

"ಮತ್ತ ಆಕಿಗೆ ಯಾಕ ಬಂತು?"

ನನಗೆ ಉತ್ತರ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ. "ಇದು ಮನೀದಷ್ಟ ಅಲ್ಲ. ಮನೀದಷ್ಟ ಆಗಿದ್ರ ಅವ್ವಗ ಬರತಿರಲಿಲ್ಲ." ಹಾಗೆಂದು ಅಂಗಿಯ ತೋಳು ಮಡಿಸಿ ಕೈ ಚಾಚಿದ. ಸ್ವಲ್ಪ ಹೊತ್ತು ಸುಮ್ಮನೆ ಕೂಡು ಎಂದೆ. ಕೂತ. ಪಟ್ಟಿ ಸುತ್ತಿದೆ. ಹಳ್ಳಿ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟು ತೋಳಿಗೆ ಕಟ್ಟಿದವಳು ನಾನು, ಆ ಹೊತ್ತು ಸ್ಟೆತಾಸ್ಕೋಪು ಕಿವಿಗೆ ಇಟ್ಟುಕೊಳ್ಳಲು ಹೆದರಿದೆ.

ಸದ್ದು ಮೇಲೆಯೇ ಶುರುವಾಯಿತು. ಅತ್ತೆಯಷ್ಟು ಇರಲಿಲ್ಲ, ಆದರೆ ಇರಬೇಕಾದದ್ದಕ್ಕಿಂತ ಬಹಳ ಮೇಲೆ. ಸುಳ್ಳು ಹೇಳಬೇಕು ಎಂದು ಒಂದು ಕ್ಷಣ ಅನಿಸಿತು. ಹೇಳಲಿಲ್ಲ. ಅವನು ಗೋಡೆಗೆ ತಲೆ ಒರಗಿಸಿ, "ಯಾವಾಗ ಬೀಳತೀನಿ ನಾ?" ಎಂದು ಕೇಳಿದ. ಮಗುವಿನಂತೆ ಕೇಳಿದ. ನನಗೂ ಅಳು ಬಂತು, ಅವನೂ ಅತ್ತ. ಮರುದಿನ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು.

ಮಾತ್ರೆ ಶುರುವಾಯಿತು. ಸಿಗರೇಟು ಬಿಡಲು ಒದ್ದಾಡಿದ. ಬಿಟ್ಟ, ಹಿಡಿದ, ಮತ್ತೆ ಬಿಟ್ಟ. ತಲೆಸುತ್ತು ಬರುತ್ತದೆಂದು ಒಮ್ಮೆ ಮಾತ್ರೆ ನಿಲ್ಲಿಸಿದ್ದ. ಚಿಕ್ಕಜಾಲದ ಹೆಂಗಸಿನ ಸಂಗತಿ ಹೇಳಿದ ಮೇಲೆ ಮತ್ತೆ ತಗೊಂಡ. ಅವನ ಮದುವೆಯೂ ಆಯಿತು. ಈ ಸಲ ಹೆಣ್ಣಿನ ಕಡೆಯವರಿಗೆ ಎಲ್ಲವನ್ನೂ ಮೊದಲೇ ಹೇಳಿದೆವು. ಆ ಹುಡುಗಿ, "ಮಾತ್ರಿ ತಗೋತಾರಲ್ರಿ, ಸಾಕು" ಎಂದಳಂತೆ.

ನನ್ನ ಗಂಡ ಅದನ್ನೆಲ್ಲ ನೋಡಿದರು. ತಮ್ಮನ ಮದುವೆಯಾದ ಮರುವರ್ಷ, ವಠಾರದ ಅಂಗಳದಲ್ಲಿ ಬೆಳಗಿನ ಬಿಸಿಲಿಗೆ ಕೂತಿದ್ದವರು ಎದೆಯ ಮೇಲೆ ಎಡಗೈ ಇಟ್ಟುಕೊಂಡು ನನ್ನನ್ನು ಕರೆದರು. ಕರೆದದ್ದೂ ಅದೇ ಶಬ್ದದಿಂದ. ನಾನು ಬರುವಷ್ಟರಲ್ಲಿ ಮುಖವೆಲ್ಲ ಬೆವರು. ಆಸ್ಪತ್ರೆಗೆ ಹೊರಟ ಆಟೋ ಗೊರಗುಂಟೆಪಾಳ್ಯದ ಕಡೆಯ ಲಾರಿಗಳ ನಡುವೆ ಸಿಕ್ಕಿಕೊಂಡಿತ್ತು. ಅಲ್ಲೇ, ನನ್ನ ಭುಜದ ಮೇಲೆ ತಲೆ ಇಟ್ಟು ಹೋದರು. ಮಾತ್ರೆ ತಪ್ಪದೆ ತಗೊಳ್ಳುತ್ತಿದ್ದರು, ಉಪ್ಪು ಮುಟ್ಟುತ್ತಿರಲಿಲ್ಲ. ಆದರೂ ಹೋದರು. ನಾನು ಆ ತಿಂಗಳು ಪೆಟ್ಟಿಗೆಯನ್ನು ಹಿಂತಿರುಗಿಸಿ, ಇನ್ನು ಬರುವುದಿಲ್ಲ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ಪೆಟ್ಟಿಗೆ ಇಸಿದುಕೊಳ್ಳಲಿಲ್ಲ. "ಮನೇಲಿಟ್ಕೊಳ್ಳಿ. ಆದಾಗ ಬನ್ನಿ" ಎಂದರು. ಮೈದುನ ಇದ್ದನಲ್ಲ. ಅವನಿಗಾಗಿ ಮತ್ತೆ ಹೋದೆ.

ಎಂಬತ್ತರ ದಶಕದ ಕೊನೆಗೆ ಬಂದಾಗ ಡಾಕ್ಟರಮ್ಮ ಕರೆಸಿದರು. ಬೇರೆ ಬೇರೆ ಕಡೆಯ ಅಳತೆಗಳನ್ನು ಸರಿಹೊಂದಿಸಿ ಒಟ್ಟು ಮಾಡಿಯಾಗಿತ್ತು. ಅವರ ತಲೆಗೂದಲೂ ನರೆಯತೊಡಗಿತ್ತು. ಚಹಾ ತರಿಸಿ, ನಿಧಾನವಾಗಿ ಹೇಳಿದರು. ಒತ್ತಡ ಒಂದು ಗೆರೆ ದಾಟಿದರೆ ಅಪಾಯ, ದಾಟದಿದ್ದರೆ ಇಲ್ಲ ಎನ್ನುವ ಹಾಗಲ್ಲ. ಏರಿದಷ್ಟೂ ಲಕ್ವವೂ ಹೆಚ್ಚು, ಹೃದಯದ ಕಾಯಿಲೆಯೂ ಹೆಚ್ಚು. ಮೇಲೆ ಹೊಗೆಸೊಪ್ಪು ಸೇರಿದರೆ ಇನ್ನೂ ಹೆಚ್ಚು. ಹೆಂಗಸರಿಗೂ ಹಾಗೇ. ಮನೆತನದಲ್ಲಿದ್ದರೆ ಸ್ವಲ್ಪ ಭಾರ ಹೌದು, ಆದರೆ ಅದೊಂದೇ ಅಲ್ಲ.

"ಹಂಗಾದ್ರ ನನ್ನ ಮೈದುನ?" ಎಂದು ಕೇಳಿದೆ. ಅಷ್ಟು ವರ್ಷದ ಹಿಂದೆ ವಾರ್ಡಿನಲ್ಲಿ ಕೇಳಿದ್ದೂ ಅದನ್ನೇ.

ಅವರು ಲೋಟ ಕೆಳಗಿಟ್ಟರು. "ಅವರೊಬ್ಬರ ಬಗ್ಗೆ ಇದು ಹೇಳಲ್ಲಮ್ಮ. ಅವರಂಥ ನೂರು ಜನ ಮಾತ್ರೆ ತಗೊಂಡ್ರೆ ಬೀಳೋರು ಕಮ್ಮಿ ಆಗ್ತಾರೆ ಅಂತ ಹೇಳುತ್ತೆ. ಆ ನೂರರಲ್ಲಿ ಇವರು ಯಾವ ಕಡೆ ಅಂತ ನಂಗೂ ಗೊತ್ತಾಗಲ್ಲ, ಯಾರಿಗೂ ಗೊತ್ತಾಗಲ್ಲ."

ನನಗೆ ಬೇಕಾಗಿದ್ದದ್ದು ನೂರು ಜನರಲ್ಲ, ಒಬ್ಬ. ಮನೆಗೆ ಬಂದು ಮೈದುನನಿಗೆ ಎಲ್ಲ ಹೇಳಿದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಅಂದ್ರ ನಾ ಉಳೀತೀನಂತೇನು ವೈನಿ?"

"ಅದು ಹೇಳಾಕ ಬರಂಗಿಲ್ಲಂತ."

"ಹಂಗಾದ್ರ ಇಷ್ಟು ವರ್ಷ ಬಿಸಲಾಗ ಯಾಕ ಅಡ್ಡಾಡಿದ್ರಿ ನೀವು?" ಎಂದು ನಕ್ಕ. ನಾನು ನಗಲಿಲ್ಲ. ಅವನ ಹೆಂಡತಿ ನೀರು ತಂದುಕೊಟ್ಟಳು. ಅವನು ಮಾತ್ರೆ ನುಂಗಿದ.

ಅದರ ಮರುವರ್ಷ ಅವನು ಅಣ್ಣನಿಗೆ ಲಕ್ವ ಹೊಡೆದಾಗಿನ ವಯಸ್ಸಿಗೆ ಬಂದ. ಆ ವರ್ಷವೆಲ್ಲ ನಮ್ಮಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಬೆಳಿಗ್ಗೆ ಅವನು ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸುವ ಸದ್ದು ಕೇಳುವ ತನಕ ನಾನು ಒಲೆ ಹಚ್ಚುತ್ತಿರಲಿಲ್ಲ. ವರ್ಷ ಕಳೆಯಿತು. ಅವನಿಗೆ ಏನೂ ಆಗಲಿಲ್ಲ. ಮಾತ್ರೆಯಿಂದಲೋ, ಸಿಗರೇಟು ಬಿಟ್ಟದ್ದರಿಂದಲೋ, ಅವನಿಗೆ ಬರುವುದೇ ಇರಲಿಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ವಯಸ್ಸು ದಾಟಿದ ಮೇಲಾದರೂ ಹೆದರಿಕೆ ಹೋದೀತು ಅಂದುಕೊಂಡಿದ್ದೆ. ಹೋಗಲಿಲ್ಲ. ಆ ಹೊತ್ತಿಗೆ ನನ್ನ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಒಂದು ದಿನ ಅವಳನ್ನು ಕೂರಿಸಿ ತೋಳಿಗೆ ಪಟ್ಟಿ ಸುತ್ತಿದೆ.